ಎರಡನೆಯ ತುಪಿಗ್

ಸಾನ್ ಹುವಾನ್, ಲಾ ಯೂನಿಯನ್
ಜನವರಿ 27, 2002

ಎಲ್ಪಿಡಿಯಾ,

ಈ ಕಾಗದದ ಜೊತೆಗೆ ಒಂದು ಸೀಸೆ ಮೀನಿನ ಗೊಜ್ಜನ್ನೂ ಗೊರಿಯೊ ಕೈಯಲ್ಲಿ ಕೊಟ್ಟಿದ್ದೇನೆ. ಎರಡರಲ್ಲೂ ಉಪ್ಪು ಸ್ವಲ್ಪ ಮುಂದಾಗಿದೆ, ಸಹಿಸಿಕೋ. ಬಸ್ ಕಂಡಕ್ಟರ್ ಆದವನಿಗೆ ಅಂಚೆಯವನಿಗಿಂತ ಕಾಲು ಚುರುಕು, ಬಾಯಿ ಅದಕ್ಕಿಂತ ಚುರುಕು. ಹಾಗಾಗಿ ನಿನ್ನ ಸುದ್ದಿ ನೀನು ಬರೆಯುವ ಮೊದಲೇ ನನ್ನನ್ನು ಬಂದು ಮುಟ್ಟುತ್ತದೆ.

ಕ್ರಿಸ್‌ಮಸ್‌ಗೆ ಬರುತ್ತೇನೆ ಅಂದವಳು ಬರಲಿಲ್ಲ. ಹೂತೋಟದವರು ರಜೆ ಕೊಡುವುದಿಲ್ಲ ಎಂದು ಹೇಳಿ ಕಳಿಸಿದೆ. ಆದರೆ ಆ ವಾರವೇ ನಿನ್ನನ್ನು ವಿಗಾನ್ ಪೇಟೆಯಲ್ಲಿ, ಹೂವಿನ ಲಾರಿಯ ಪಕ್ಕದಲ್ಲಿ ಕಂಡೆ ಎಂದು ಪಕ್ಕದ ಮನೆಯ ತೊಮಾಸಾ ಹೇಳುತ್ತಾಳೆ. ಅವಳ ಕಣ್ಣಿಗೆ ಪೊರೆ ಬಂದಿರುವುದು ನಿಜ. ಆದರೆ ಬೇರೆಯವರ ಸೊಸೆಯನ್ನು ಗುರುತಿಸುವ ಹೊತ್ತಿಗೆ ಆ ಪೊರೆ ತಾನಾಗಿ ಸರಿಯುತ್ತದೆ. ಲಾರಿ ಓಡಿಸುವವನ ಹೆಸರು ವಾಸಿಂಗ್ ಅಂತೆ, ಬೆಟ್ಟದವನಂತೆ, ಹೆಂಡತಿ ಇಲ್ಲವಂತೆ. ಇಷ್ಟನ್ನೂ ನಾನು ಕೇಳದೆಯೇ ಹೇಳಿದಳು.

ಗೊರಿಯೊ ಹೇಳಿದ್ದು ಬೇರೆ. ನೀನು ಅವನ ಬಸ್ಸಿನಲ್ಲಿ ಉತ್ತರಕ್ಕೆ ಹೋದಾಗಲೆಲ್ಲ, ಕಿಟಕಿಗೆ ಬುಟ್ಟಿ ಎತ್ತಿ ಹಿಡಿಯುವ ಹೆಂಗಸಿನಿಂದ ಎರಡು ತುಪಿಗ್ ಕೊಳ್ಳುತ್ತೀಯಂತೆ. ಒಂದರ ಬಾಳೆಲೆ ಬಿಚ್ಚಿ ಅಲ್ಲೇ ತಿನ್ನುತ್ತೀಯ. ಇನ್ನೊಂದನ್ನು ಕೆಂಡದ ಬಿಸಿ ಆರುವ ಮೊದಲೇ ಕರವಸ್ತ್ರದಲ್ಲಿ ಸುತ್ತಿ ಚೀಲದ ತಳಕ್ಕೆ ಇಡುತ್ತೀಯ. ನಿನ್ನ ಹೊಟ್ಟೆ ನನಗೆ ಗೊತ್ತು, ಒಂದು ಕಡುಬಿಗೇ ಸಾಕು ಅನ್ನುವ ಹೊಟ್ಟೆ. ಎರಡನೆಯದು ಯಾರಿಗೆ?

ನನ್ನ ಮಗ ಸೆಲ್ಮೊ ದೋಣಿ ಇಳಿಸಿ ಹೋಗಿ ಒಂದೂವರೆ ವರ್ಷವಾಯಿತು. ದೋಣಿ ಮಾತ್ರ ಕಂದೋನ್ ಆಚೆಯ ತೀರಕ್ಕೆ ಸೇರಿತು. ಲಂಗರಿನ ಹಗ್ಗ ಅವನು ಸುತ್ತಿಡುವ ಹಾಗೆಯೇ ಸುತ್ತಿತ್ತು, ಅವನಿರಲಿಲ್ಲ. ಊರೆಲ್ಲ ನಿನ್ನನ್ನು ವಿಧವೆ ಅಂದಿತು, ನೀನು ಒಂದು ದಿನವೂ ಕಪ್ಪು ಉಡಲಿಲ್ಲ. ಉಡು ಎಂದು ನಾನೂ ಹೇಳಲಿಲ್ಲ ಅನ್ನು. ಆದರೆ ಯಾಕೆ ಉಡಲಿಲ್ಲ ಎಂದು ಯೋಚಿಸದೆ ಇರಲು ನನ್ನ ತಲೆಯೇನು ಬರೀ ಮಡಕೆಯಲ್ಲ.

ಕಿವಿ ಇನ್ನೂ ಚೆನ್ನಾಗಿ ಕೇಳುವ ನಿನ್ನ ಅತ್ತೆ,
ಸತುರ್ನಿನಾ


ಲಾ ತ್ರಿನಿದಾದ್
ಫೆಬ್ರವರಿ 14, 2002

ನಾನಾಂಗ್,

ಗೊಜ್ಜು ತಲುಪಿತು. ಜೊತೆಯ ಹೆಂಗಸರೆಲ್ಲ ಅನ್ನಕ್ಕೆ ಕಲಸಿಕೊಂಡು ಮುಗಿಸಿದರು. ನಿಮ್ಮ ಕಾಗದ ಮಾತ್ರ ನನ್ನ ಪಾಲಿಗೇ ಉಳಿಯಿತು.

ಬಾಗಿಯೊದ ಹೂಹಬ್ಬ ಹತ್ತಿರ ಬಂದಿದೆ. ಸೇವಂತಿಗೆ ಬೇಗ ಅರಳದಿರಲಿ ಎಂದು ಮಡಿಗಳ ಮೇಲೆಲ್ಲ ದೀಪ ಹಾಕಿ ಅವಕ್ಕೆ ನಿದ್ದೆ ಕೆಡಿಸುತ್ತಿದ್ದರು. ಈಗ ದೀಪ ಆರಿಸಿದ್ದಾರೆ, ಮೊಗ್ಗೆಲ್ಲ ಒಟ್ಟಿಗೆ ಬಾಯಿ ಬಿಡುತ್ತಿವೆ. ಮೆರವಣಿಗೆಯ ಗಾಡಿಗಳಿಗೆ ಒಂದೊಂದೇ ಹೂವನ್ನು ಗೋಂದು ಹಚ್ಚಿ ಅಂಟಿಸುವ ಕೆಲಸ ನನ್ನದು. ಬೆರಳ ತುದಿಯ ಚರ್ಮ ಎದ್ದಿದೆ. ಇಡೀ ಉತ್ತರ ನಾಡು ಈ ಹಬ್ಬ ನೋಡಲು ಬರುತ್ತದೆ. ಎಲ್ಲೆಲ್ಲೋ ಮೂಲೆ ಸೇರಿಕೊಂಡವರೂ ಆ ಒಂದು ದಿನ ಹೊರಗೆ ಬರುತ್ತಾರೆ. ಅದಕ್ಕೇ ಈ ಕೆಲಸ ನನಗೆ ಇಷ್ಟ.

ವಿಗಾನ್‌ಗೆ ಹೋಗಿದ್ದು ನಿಜ. ಇಗರ್ಜಿಗಳಿಗೆ ಹೂವು ಹೋಗುವಾಗ ಕಟ್ಟಿ ಸಿಂಗರಿಸಲು ಒಬ್ಬರು ಬೇಕು. ವಾಸಿಂಗ್ ದಿನಕ್ಕೆ ಆಡುವುದು ನಾಲ್ಕು ಮಾತು, ಅದರಲ್ಲಿ ಮೂರು ಇಂಜಿನ್ನಿಗೆ. ತೊಮಾಸಾ ಅವರಿಗೆ ಅಷ್ಟರಲ್ಲೇ ಕಥೆ ಕಟ್ಟಲು ಬಂದರೆ ಅದು ಅವರ ಜಾಣತನ. ತುಪಿಗ್ ವಿಷಯ: ಬೆಟ್ಟದ ಚಳಿಗೆ ಹಸಿವು ಹೆಚ್ಚು.

ಈಗ ನಾನೊಂದು ಕೇಳುತ್ತೇನೆ. ನವೆಂಬರಿನಲ್ಲಿ ಸತ್ತವರ ದಿನಕ್ಕೆ ನಾನು ಮನೆಗೆ ಬಂದಿದ್ದೆನಲ್ಲ, ಮಾವನ ಹೆಸರಿಗೂ ನಿಮ್ಮ ಅಪ್ಪ ಅಮ್ಮನ ಹೆಸರಿಗೂ ದೇವರ ಪೀಠದ ಮುಂದೆ ತಟ್ಟೆ ಇಟ್ಟಿರಿ. ಅನ್ನ, ಕಡುಬು, ಹೊಗೆಸೊಪ್ಪು, ಕಬ್ಬಿನ ಹೆಂಡ, ಎಲ್ಲ ಇತ್ತು. ಸೆಲ್ಮೊ ಹೆಸರಿಗೆ ಇಡಲಿಲ್ಲ. ಅವನ ತಟ್ಟೆ ಊಟದ ಮೇಜಿನ ಮೇಲೆ ನಮ್ಮ ತಟ್ಟೆಗಳ ಪಕ್ಕದಲ್ಲಿ ಕವುಚಿತ್ತು, ತಡವಾಗಿ ಬರುವವನಿಗೆ ಇಡುವ ಹಾಗೆ. ನಾನು ನೋಡಿಯೂ ನೋಡದ ಹಾಗೆ ಇದ್ದೆ.

ನೊಣ ಕೂತರೂ ಶಕುನ ಕೇಳುವ ನೀವು, ಸ್ವಂತ ಮಗನಿಗೆ ಸತ್ತವರ ತಟ್ಟೆ ಇಡಲಿಲ್ಲ. ನನಗೆ ಗೊತ್ತಿಲ್ಲದ್ದು ನಿಮಗೇನಾದರೂ ಗೊತ್ತೇ?

ನಿಮ್ಮ ಸೊಸೆ,
ಎಲ್ಪಿಡಿಯಾ


ಸಾನ್ ಹುವಾನ್
ಮಾರ್ಚ್ 6, 2002

ಎಲ್ಪಿಡಿಯಾ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ತುಪಿಗ್ ಕೇಳಿದರೆ ನೀನು ತಟ್ಟೆ ಕೇಳುತ್ತೀಯ.

ತಟ್ಟೆ ಇಡುವುದು ಸತ್ತವರಿಗೆ. ನನ್ನ ಮಗ ಸತ್ತಿದ್ದಾನೆ ಎಂದು ಯಾರು ಬಂದು ಹೇಳಿದರು? ಹೆಣ ತಂದು ಅಂಗಳದಲ್ಲಿ ಮಲಗಿಸಿದವರು ಯಾರು? ಹೋಗುವ ದಿನ ಅವನು ಆಡಿದ ಮಾತು ನಿನಗೂ ಕೇಳಿದೆ. ಒಂದು ವಿನಿಗರ್ ಜಾಡಿಯ ಮುಚ್ಚಳ ಯಾರು ತೆಗೆದಿಟ್ಟರು ಎಂದು ನಾವಿಬ್ಬರೂ ಬೆಳಗಿನಿಂದ ಕಚ್ಚಾಡುತ್ತಿದ್ದೆವು. ಅವನು ಹುಟ್ಟು ಹೆಗಲಿಗೆ ಹಾಕಿಕೊಂಡು, "ನಿಮ್ಮಿಬ್ಬರ ಮಧ್ಯೆ ಇರೋದಕ್ಕಿಂತ ನಡು ಸಮುದ್ರದಲ್ಲಿ ಇರೋದೇ ವಾಸಿ" ಅಂದ. ಹಾಗೆ ಅಂದವನು ಮುಳುಗಿರಲೂಬಹುದು, ಬೇರೆ ಯಾವುದೋ ತೀರ ಹತ್ತಿರಲೂಬಹುದು. ಹಗ್ಗ ಸುತ್ತಿಟ್ಟು ಯಾರಾದರೂ ಮುಳುಗುತ್ತಾರೆಯೇ?

ಈಗ ನಿನ್ನ ಸುದ್ದಿಗೆ ಬರುತ್ತೇನೆ. ಹಬ್ಬದ ದಿನ ಗೊರಿಯೊ ರಜೆ ಹಾಕಿ ಮೆರವಣಿಗೆ ನೋಡಲು ನಿಂತಿದ್ದ. ನೀನು ಹೂವಿನ ಗಾಡಿಯ ಹಿಂದೆ ಬುಟ್ಟಿ ಹಿಡಿದು, ಉದುರಿದ ಕಡೆ ಹೂವು ಅಂಟಿಸುತ್ತಾ ಬರುತ್ತಿದ್ದೆಯಂತೆ. ಇದ್ದಕ್ಕಿದ್ದಂತೆ ಬುಟ್ಟಿ ಬಿಸಾಕಿ, ಹಗ್ಗದ ಕೆಳಗೆ ನುಸುಳಿ, ಜನರನ್ನು ತಳ್ಳಿಕೊಂಡು ಒಬ್ಬ ಗಂಡಸಿನ ಬೆನ್ನು ಹತ್ತಿ ಓಡಿದೆಯಂತೆ. ಹಸಿರು ಟೊಪ್ಪಿಯವನು, ಎಡಭುಜ ಸ್ವಲ್ಪ ತಗ್ಗು.

ಎಡಭುಜದ ಮಾತು ಗೊರಿಯೊ ತಾನಾಗಿಯೇ ಆಡಿದ. ಸೆಲ್ಮೊನ ಹಾಗೆ ಬಲೆ ಹೊತ್ತೂ ಹೊತ್ತೂ ತಗ್ಗಾದ ಭುಜ ಈ ಕರಾವಳಿಯಲ್ಲಿ ಇನ್ನೂ ಹತ್ತು ಜನಕ್ಕಿದೆ, ನನಗೆ ಗೊತ್ತು. ಆದರೂ ಅದನ್ನು ಕೇಳಿದ ಮೇಲೆ ನನಗೆ ಅನ್ನ ಸೇರಲಿಲ್ಲ. ನಿನ್ನ ಮೇಲಿನ ಸಿಟ್ಟು ಅವನಿಗೆ ಇಳಿದು, ನನ್ನ ಮೇಲಿನದು ಇನ್ನೂ ಇಳಿದಿಲ್ಲವೋ? ನೀನು ಅವನಿಗೆ ಕಡುಬು ಒಯ್ಯುತ್ತಿದ್ದೀಯೋ? ಅವನು "ಅಮ್ಮನಿಗೆ ಹೇಳಬೇಡ" ಅಂದಿದ್ದರೆ ಹಾಗಂತಲಾದರೂ ಬರೆ. ಅಷ್ಟನ್ನು ತಡೆದುಕೊಳ್ಳುವ ಶಕ್ತಿ ನನಗಿದೆ.

ಉತ್ತರಕ್ಕೆ ಕಾಯುವ,
ಸತುರ್ನಿನಾ


ಲಾ ತ್ರಿನಿದಾದ್
ಮಾರ್ಚ್ 22, 2002

ನಾನಾಂಗ್,

ಹಸಿರು ಟೊಪ್ಪಿಯವನು ಬಲೂನು ಮಾರುವವನು. ಹೆಗಲು ಹಿಡಿದು ತಿರುಗಿಸಿದೆ, ಬೇರೆ ಯಾರದೋ ಮುಖ. "ಯಾವ ಬಣ್ಣದ್ದು ಬೇಕಮ್ಮ?" ಎಂದು ಕೇಳಿದ. ಒಂದು ಕೊಂಡುಕೊಂಡು ಬಂದೆ. ಬುಟ್ಟಿ ಬಿಸಾಕಿದ್ದಕ್ಕೆ ಮೇಸ್ತ್ರಿಯಿಂದ ಬೈಸಿಕೊಂಡೆ. ಇಷ್ಟೇ ನಡೆದದ್ದು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಆದರೆ ನೀವು ನನ್ನನ್ನು ಕೇಳುವ ರೀತಿ ನೋಡಿದರೆ ನನಗೆ ಬೇರೆ ಯೋಚನೆ ಬರುತ್ತದೆ. ಮನೆಗೆ ಬೆಂಕಿ ಇಟ್ಟವನೇ ಮೊದಲು ಬಿಂದಿಗೆ ಹಿಡಿದು ಓಡುತ್ತಾನಂತೆ. ಹೋದ ವಾರ ಗೊರಿಯೊ ಬಸ್ಸಿನಲ್ಲಿ ಸೀಟಿನ ಕೆಳಗೆ ಒಂದು ಗಂಟು ಕಂಡೆ. ಮೇಲೆ ಕಟ್ಟಿದ್ದು ಬಲೆ ದಾರ, ಹಾಕಿದ್ದು ನಿಮ್ಮ ಗಂಟು. ಆ ಗಂಟು ಹಾಕುವ ಕೈ ನಮ್ಮೂರಿನಲ್ಲಿ ಒಂದೇ ಇದೆ. ಲಾಕೈ ಇಸ್ಲಾವ್, ಪಗುಡ್ಪುಡ್ ಎಂದು ಬರೆದಿತ್ತು. ಗೊರಿಯೊನನ್ನು ಕೇಳಿದರೆ, ತಿಂಗಳಿಗೊಂದು ಹೋಗುತ್ತದೆ ಎಂದು ಹೇಳಿ ನಾಲಿಗೆ ಕಚ್ಚಿಕೊಂಡ. ಅವನ ನಾಲಿಗೆ ಎರಡೂ ಕಡೆಗೆ ಟಿಕೆಟ್ ಹರಿಯುತ್ತದೆ ಎಂಬುದು ನಿಮಗೆ ಮರೆತಿರಬೇಕು.

ಮುಟ್ಟಿ ನೋಡಿದೆ. ಒಣಮೀನಿನ ವಾಸನೆ ಇತ್ತು, ಒಳಗೆ ಬಟ್ಟೆಯ ಹಾಗೆ ಮೆತ್ತಗಿತ್ತು. ಪಗುಡ್ಪುಡ್‌ನಲ್ಲಿ ನಮಗೆ ಯಾರಿದ್ದಾರೆ ನಾನಾಂಗ್? ನವೆಂಬರಿನಲ್ಲಿ ಬಂದಾಗ ಸೆಲ್ಮೊನ ನೀಲಿ ಅಂಗಿ ಅದರ ಮೊಳೆಯಲ್ಲಿ ಇರಲಿಲ್ಲ. ಒಗೆಯಲು ಹಾಕಿದ್ದೀರಿ ಅಂದುಕೊಂಡೆ. ಒಂದೂವರೆ ವರ್ಷದಿಂದ ಯಾರೂ ತೊಡದ ಅಂಗಿಯನ್ನು ಯಾಕೆ ಒಗೆಯುತ್ತಾರೆ ಎಂದು ಆಗ ನನಗೆ ಹೊಳೆಯಲಿಲ್ಲ.

ಎಲ್ಪಿಡಿಯಾ


ಸಾನ್ ಹುವಾನ್
ಏಪ್ರಿಲ್ 9, 2002

ಎಲ್ಪಿಡಿಯಾ,

ಇಸ್ಲಾವ್ ನಿನ್ನ ಮಾವನ ಜೊತೆ ಬಲೆ ಹೆಣೆದವನು. ಹೆಸರಿನ ಹಿಂದೆ ಲಾಕೈ ಅಂಟುವಷ್ಟು ಮುದುಕ, ಕೈಲಾಗದವನು. ಒಣಮೀನು ಕಳಿಸುತ್ತೇನೆ. ಕಡಲ ಕಾಲಬುಡದಲ್ಲಿ ಕೂತವನಿಗೆ ಮೀನು ಕಳಿಸುವುದೇ ಎಂದು ನೀನು ಕೇಳುತ್ತೀಯ, ಕೇಳು. ಬಟ್ಟೆ ಅಂದೆಯಲ್ಲ, ದೋಣಿ ಒರೆಸುವ ಹರಕು ಬಟ್ಟೆ ಅದು.

ಮೇ ತಿಂಗಳ ಶಿಲುಬೆ ಮೆರವಣಿಗೆಗೆ ಹೂಕಮಾನು ಕಟ್ಟಲು ನೀನು ಆ ಲಾರಿಯಲ್ಲಿ ಪಗುಡ್ಪುಡ್‌ಗೇ ಹೋಗುತ್ತೀಯಂತೆ. ಉತ್ತರದಲ್ಲಿ ಬೇರೆ ಊರೇ ಇಲ್ಲವೇನೋ. ಹೋದ ವರ್ಷವೂ ನೀನು ಗೊರಿಯೊನ ಹತ್ತಿರ ಆ ಊರಿನ ದಾರಿಯನ್ನೇ ಕೇಳಿದ್ದೆ, ನನಗೆ ನೆನಪಿದೆ. ಯಾರ ಬಾಗಿಲಿಗೆ ಹೋಗುತ್ತೀಯೋ ಅವರಿಗೆ ಹೇಳು, ಮಳೆಗಾಲದ ಗಾಳಿ ಏಳುವ ಮೊದಲು ನನ್ನ ಮಂಡಿ ಇನ್ನೂ ಒಂದು ಸಲ ಬಸ್ಸು ಹತ್ತಬಲ್ಲದು.

ಸತುರ್ನಿನಾ


ಲಾ ತ್ರಿನಿದಾದ್
ಮೇ 31, 2002

ನಾನಾಂಗ್,

ಇನ್ನು ಮುಚ್ಚುಮರೆ ಬೇಡ. ನಾನು ಕೇಳಿಸಿಕೊಂಡೆ.

ಮೆರವಣಿಗೆ ಹೊರಟ ಮೇಲೆ ನನ್ನ ಕೆಲಸ ಮುಗಿಯಿತು. ಹುಡುಗಿಯರು ನಾನು ಕಟ್ಟಿದ ಕಮಾನುಗಳ ಕೆಳಗೆ ರಾಣಿಯರ ಹಾಗೆ ನಡೆದು ಹೋದರು. ವಾಸಿಂಗ್ ಲಾರಿಯ ಗಾಳಿ ತುಂಬಿಸುತ್ತಿದ್ದ. ನಾನು ಗೋಂದು ಹತ್ತಿದ ಕೈ ತೊಳೆಯಲು ಸಮುದ್ರಕ್ಕೆ ಇಳಿದೆ. ಹೊತ್ತು ಮುಳುಗುತ್ತಿತ್ತು. ಮಕ್ಕಳನ್ನು ನೀರಾಟಕ್ಕೆ ತಂದವರೆಲ್ಲ ಗಂಟುಮೂಟೆ ಕಟ್ಟಿ ಹೊರಡುತ್ತಾ, ಒಬ್ಬೊಬ್ಬರ ಹೆಸರು ಹಿಡಿದು ಕರೆಯುತ್ತಿದ್ದರು. "ಬಾ, ಹೋಗೋಣ, ಹಿಂದೆ ಉಳೀಬೇಡ." ನೀವು ನನ್ನನ್ನೂ ಹಾಗೆ ಕರೆದಿದ್ದೀರಿ, ನನ್ನ ಅಮ್ಮನೂ ಕರೆದಿದ್ದಾಳೆ. ದೇಹ ಮನೆಗೆ ಬಂದು ಜೀವ ನೀರಿನಲ್ಲೇ ಆಡುತ್ತಾ ಉಳಿದುಬಿಟ್ಟೀತು ಎಂದು ಕರೆಯುವ ಕರೆ. ನಾನು ಅದನ್ನೆಲ್ಲ ಕೇಳಿಯೂ ಕೇಳದ ಹಾಗೆ ನಿಂತಿದ್ದೆ.

ಆಗ ಬಂಡೆಯ ಆಚೆಯಿಂದ ಒಂದು ದನಿ ಬಂತು.

"ಸೆಲ್ಮೊ, ಬಾರೋ ಮಗನೇ, ಮನೆಗೆ ಹೋಗೋಣ. ಹಿಂದೆ ಉಳೀಬೇಡ."

ನಾನಾಂಗ್, ಸತ್ತವರನ್ನು ಯಾರೂ ಹಾಗೆ ಕರೆಯುವುದಿಲ್ಲ. ಸತ್ತವರು ನಮ್ಮ ಹಿಂದೆ ಬಾರದಿರಲಿ ಎಂದು ನಾವು ಕಾಲು ತೊಳೆದು ಒಳಗೆ ಬರುವವರು. ಹಾಗೆ ಕರೆಯುವುದು ಜೊತೆಯಲ್ಲಿ ಬಂದವರನ್ನು, ನೀರಿನಿಂದ ಈಗಷ್ಟೇ ಎದ್ದವರನ್ನು. ನಾನು ಚಪ್ಪಲಿ ಬಿಟ್ಟು ಓಡಿದೆ. ಬಂಡೆ ಸುತ್ತಿ ಹೋಗುವಷ್ಟರಲ್ಲಿ ಯಾರೂ ಇರಲಿಲ್ಲ, ಹೆಜ್ಜೆಗಳನ್ನು ಅಲೆ ತೆಗೆದುಕೊಂಡಿತ್ತು. ದಾರಿಯಲ್ಲಿ ಕಂಡವರನ್ನು ಯಾರು ಕೂಗಿದ್ದು ಎಂದು ಕೇಳಿದೆ. ಲಾಕೈ ಇಸ್ಲಾವ್ ಇರಬೇಕು, ಆ ತಗಡಿನ ಮನೆ ಅಂದರು.

ಬಾಗಿಲಿಗೆ ಅವನ ಹೆಂಡತಿ ಬಂದಳು. ಮುದುಕ ಹೆಂಡ ತರಲು ಹೋಗಿದ್ದಾನೆ, ಒಳಗೆ ಬಾ, ಕೂತು ಕಾಯಿ ಅಂದಳು. ಅವಳ ಹಿಂದೆ ಹಗ್ಗದ ಮೇಲೆ ನೀಲಿ ಅಂಗಿ ನೇತಾಡುತ್ತಿತ್ತು. ಕಾಲರಿಗೆ ನಾನೇ ಹಾಕಿದ ಬಿಳಿ ದಾರದ ಹೊಲಿಗೆ. ಅಂಗಿ ಒದ್ದೆಯಾಗಿತ್ತು ನಾನಾಂಗ್, ತೋಳಿನಿಂದ ಉಪ್ಪುನೀರು ತೊಟ್ಟಿಕ್ಕುತ್ತಿತ್ತು.

ನಾನು ಕಾಯಲಿಲ್ಲ. ನನ್ನಿಂದ ಅಡಗಿಕೊಂಡವನನ್ನು ಬಾಗಿಲಲ್ಲಿ ಕೂತು ಹಿಡಿಯುವಷ್ಟು ಮಾನಗೆಟ್ಟವಳಲ್ಲ ನಾನು. ಎರಡನೆಯದು ಯಾರಿಗೆ ಎಂದು ಕೇಳಿದ್ದಿರಿ. ಅದನ್ನು ಆ ಮನೆಯ ಹೊಸ್ತಿಲ ಮೇಲೆ ಇಟ್ಟು ಬಂದೆ. ಹೋದಲ್ಲೆಲ್ಲ ಒಂದು ಹಿಡಿದುಕೊಂಡು ಹೋಗುತ್ತಿದ್ದೆ, ಎಲ್ಲಾದರೂ ಸಿಕ್ಕರೆ ಬರಿಗೈಯಲ್ಲಿ ನಿಲ್ಲಬಾರದೆಂದು. ಹೂಹಬ್ಬ, ಇಗರ್ಜಿ, ಸಮುದ್ರತೀರ, ಜನ ಸೇರುವ ಜಾಗ ಒಂದನ್ನೂ ಬಿಡಲಿಲ್ಲ. ನೀವು ಸತ್ತವರ ತಟ್ಟೆ ಇಡದಿದ್ದಾಗಲೇ ನನಗೆ ಗೊತ್ತಾಗಿತ್ತು, ಅವನಿದ್ದಾನೆ, ನಿಮಗೆ ಗೊತ್ತು ಎಂದು.

ನನಗೆ ಸಿಟ್ಟಿಲ್ಲ. ಅವನು ಬರುವುದೂ ಬೇಡ. ಅಲ್ಲಿದ್ದಾನೆ ಎಂದು ಒಂದು ಸಾಲು ಬರೆಯಿರಿ.

ಎಲ್ಪಿಡಿಯಾ


ಸಾನ್ ಹುವಾನ್
ಜೂನ್ 10, 2002

ಎಲ್ಪಿಡಿಯಾ, ಮಗಳೇ,

ನಿನ್ನ ಕಾಗದವನ್ನು ಅಂಗಳದಲ್ಲಿ ನಿಂತೇ ಓದಿದೆ. ಬಂಡೆಯ ಆಚೆಯಿಂದ ದನಿ ಬಂತು ಎನ್ನುವಲ್ಲಿಗೆ ಬಂದಾಗ, ಪೆಟ್ಟಿಗೆಯಿಂದ ಒಳ್ಳೆಯ ಲಂಗ ತೆಗೆಯಲು ಒಳಗೆ ಓಡಿದೆ. ನನ್ನ ಮಂಡಿ ಓಡಿದ್ದನ್ನು ತೊಮಾಸಾ ನೋಡಿದ್ದಾಳೆ. ಇಸ್ಲಾವ್‌ಗೆ ನನ್ನ ಮಗ ಸಿಕ್ಕಿದ್ದಾನೆ, ಮುದುಕ ನನ್ನಿಂದ ಮುಚ್ಚಿಟ್ಟಿದ್ದಾನೆ ಅಂದುಕೊಂಡೆ. ಲಂಗ ಕೈಯಲ್ಲಿ ಹಿಡಿದುಕೊಂಡೇ ಉಳಿದದ್ದನ್ನು ಓದಿದೆ. ಅಂಗಿಯ ಮಾತು ಬಂದಾಗ ಪೆಟ್ಟಿಗೆಯ ಮೇಲೆ ಕೂತುಬಿಟ್ಟೆ.

ಅಂಗಿ ಕಳಿಸಿದವಳು ನಾನು. ಕರೆಯಲು ಹೇಳಿದವಳೂ ನಾನು.

ಬೆಚ್ಚಿಬಿದ್ದ ಮಗುವಿನ ಜೀವ ನೀರಿನಲ್ಲಿ ಉಳಿದರೆ, ಅದರ ಬಟ್ಟೆ ಹಿಡಿದು ನೀರಂಚಿನಲ್ಲಿ ನಿಂತು ಕರೆಯುತ್ತಾರಲ್ಲ, ಹಾಗೆ. ಅವನು ಎಲ್ಲೋ ಬುದ್ಧಿ ಮಂಕಾಗಿ, ಮನೆ ಮರೆತು ಕೂತಿರಬಹುದು, ಜೀವ ಮೈಗೆ ಬಂದರೆ ಕಾಲು ತಾನಾಗಿ ಮನೆ ಕಡೆ ತಿರುಗುತ್ತದೆ ಅಂದುಕೊಂಡಿದ್ದೆ. ಮೊದಲು ಇಲ್ಲಿನ ತೀರದಲ್ಲೇ ಕರೆದೆ. ಆಮೇಲೆ ಇಸ್ಲಾವ್‌ಗೆ ಹೇಳಿದೆ. ಅವನು ಮೊಣಕಾಲುದ್ದ ನೀರಿಗೆ ಇಳಿದು, ಅಂಗಿಯ ತೋಳು ಅಲೆಗೆ ತಾಗಿಸಿ ಕರೆಯುತ್ತಾನೆ. ಒಣಮೀನು ಅವನ ಆ ಕೆಲಸಕ್ಕೆ. ಇಲ್ಲಿಯವರೆಗೆ ಯಾರೂ ಓಗೊಟ್ಟಿಲ್ಲ. ನಾನು ಅವನನ್ನು ಕರೆಸಿದೆ, ಕೇಳಿಸಿದ್ದು ನಿನಗೆ.

ಪಗುಡ್ಪುಡ್‌ಗೇ ಯಾಕೆ ಕಳಿಸಿದೆ ಎಂದು ಕೇಳು. ನಿನ್ನಿಂದ. ನೀನು ಆ ಊರಿನ ದಾರಿ ಕೇಳಿದ್ದು, ಎರಡು ಕಡುಬು ಕೊಂಡದ್ದು, ಕಪ್ಪು ಉಡದೆ ಇದ್ದದ್ದು, ಎಲ್ಲ ಕೂಡಿಸಿ, ಅವನು ಅಲ್ಲೇ ಇದ್ದಾನೆ, ಇವಳಿಗೆ ಗೊತ್ತು, ನನಗೆ ಹೇಳುತ್ತಿಲ್ಲ ಅಂದುಕೊಂಡೆ. ನೀನು ಹೋಗುತ್ತೀಯೆಂದು ನಾನು ಕಳಿಸಿದೆ. ನಾನು ಕಳಿಸುತ್ತೇನೆಂದು ನೀನು ಹೋದೆ. ನಡುವೆ ಅವನು ಇರಲೇ ಇಲ್ಲ. ನೀನು ಅವನನ್ನು ಒಂದು ಸಲವೂ ನೋಡಿಲ್ಲ, ಅಲ್ಲವೇ? ನೋಡಿದ್ದರೆ ಹೀಗೆ ಬೇಡುತ್ತಿರಲಿಲ್ಲ.

ನಿನ್ನ ಮೇಲೆ ಸಿಟ್ಟು ಮಾಡಿಕೊಂಡಿರುವುದು ಎಷ್ಟು ಹಿತವಾಗಿತ್ತು ಗೊತ್ತೇ? ಕಳ್ಳಿ, ನನ್ನ ಮಗನನ್ನು ಬಚ್ಚಿಟ್ಟಿದ್ದಾಳೆ ಎಂದು ಬೈದುಕೊಂಡು ಮಲಗಿದರೆ ನಿದ್ದೆ ಬರುತ್ತಿತ್ತು. ನಿನ್ನನ್ನು ಅನುಮಾನಿಸುವಷ್ಟು ದಿನ ಅವನು ಬದುಕಿದ್ದ. ಈಗ ನಿನ್ನನ್ನು ನಂಬಿದ್ದೇನೆ, ಅವನು ಹೋಗಿದ್ದಾನೆ. ಎದೆ ಒಡೆಯುತ್ತಿದೆ ಮಗಳೇ, ಇದನ್ನು ಬೇರೆ ರೀತಿ ಬರೆಯಲು ನನಗೆ ಬರುವುದಿಲ್ಲ.

ನಿನ್ನೆ ಅವನ ತಟ್ಟೆಯನ್ನು ಮೇಜಿನಿಂದ ತೆಗೆದು, ಮಗುಚಿ, ಅನ್ನ ಬಡಿಸಿ ಪೀಠದ ಮುಂದೆ ಅವನ ಅಪ್ಪನ ತಟ್ಟೆಯ ಪಕ್ಕ ಇಟ್ಟೆ.

ಈ ತಿಂಗಳ ಕೊನೆಗೆ ಬಾ. ಹೂಳಿದ ಮಾರನೆಯ ದಿನ ಮಾಡುವ ಕೂದಲು ತೊಳೆಯುವ ಶಾಸ್ತ್ರ ನಮಗೆ ಬಾಕಿ ಇದೆ. ಭತ್ತದ ಹುಲ್ಲು ಸುಟ್ಟು ಬೂದಿ ನೆನೆಸಿಡುತ್ತೇನೆ, ಕಬ್ಬಿನ ಹೆಂಡವೂ ಇದೆ. ಹೆಣವೇ ಇಲ್ಲದೆ ಹೇಗೆ ಮಾಡುತ್ತೀಯ ಎಂದು ತೊಮಾಸಾ ಕೇಳಿದಳು. ಕೂದಲು ನಮ್ಮದಲ್ಲವೇ ಅಂದೆ. ನನಗೆ ಹೆಣ್ಣುಮಕ್ಕಳಿಲ್ಲ, ನನ್ನ ತಲೆ ನೀನೇ ತೊಳೆಯಬೇಕು.

ಆ ಲಾರಿಯವನು ತಂದು ಬಿಡುವುದಾದರೆ ಬಿಡಲಿ. ಅವನು ಮೀನು ತಿನ್ನುತ್ತಾನೋ ಇಲ್ಲವೋ ಮೊದಲೇ ಬರೆ.

ನಿನ್ನ ದಾರಿ ನೋಡುವ,
ನಾನಾಂಗ್


ಲಾ ತ್ರಿನಿದಾದ್
ಜುಲೈ 3, 2002

ನಾನಾಂಗ್,

ಕ್ಷೇಮವಾಗಿ ಬಂದು ಸೇರಿದೆ. ಕೂದಲಿನಲ್ಲಿ ಸುಟ್ಟ ಹುಲ್ಲಿನ ವಾಸನೆ ಇನ್ನೂ ಇದೆ. ಜೊತೆಯವರು ಮೂಗು ಮುಚ್ಚಿಕೊಳ್ಳುತ್ತಾರೆ, ನಾನು ಸೋಪು ಹಾಕಿಲ್ಲ.

ನೀವು ಕೊಟ್ಟ ಕಪ್ಪು ರವಿಕೆ ತೋಳಿನಲ್ಲಿ ಬಿಗಿ. ಬಿಚ್ಚಿ ಹೊಲಿದುಕೊಂಡು ತೊಡುತ್ತಿದ್ದೇನೆ. ಹೂವಿನ ಮಡಿಗಳ ಮಧ್ಯೆ ನಾನೊಬ್ಬಳೇ ಕಪ್ಪು. ವಾಸಿಂಗ್ ನೋಡಿ ಟೊಪ್ಪಿ ತೆಗೆದ, ಅಷ್ಟೆ. ನಿಮ್ಮ ಮೀನಿನ ಮುಳ್ಳು ಅವನ ಗಂಟಲಿನಲ್ಲಿ ಎರಡು ದಿನ ಇತ್ತಂತೆ. ನೀವು ಬೇಕೆಂದೇ ಮುಳ್ಳಿನ ಭಾಗ ಬಡಿಸಿದಿರಿ ಎಂದು ನನಗೆ ಅನುಮಾನ. ಇರಲಿ, ಅಷ್ಟು ಅನುಮಾನವಾದರೂ ನಮ್ಮ ನಡುವೆ ಉಳಿಯಲಿ.

ನಿಮ್ಮ ಎದುರಿಗೆ ಹೇಳಲು ಬಾಯಿ ಬರದ ಒಂದು ಮಾತಿದೆ. ಅವತ್ತು ಕಡಲ ದಂಡೆಯಲ್ಲಿ ನಿಮ್ಮ ತಲೆಗೆ ಬೂದಿನೀರು ಹೊಯ್ಯುವಾಗ, ಇಷ್ಟು ಕಡಿಮೆ ಕೂದಲು ಯಾವಾಗ ಆಯಿತು ಎಂದು ಅಳು ಬಂತು. ನೀವು ನನ್ನ ಕತ್ತು ಹಿಡಿದು ಬಗ್ಗಿಸಿ, ಚಿಕ್ಕವಳಿಗೆ ಉಜ್ಜುವ ಹಾಗೆ ಉಜ್ಜಿದಿರಿ. ಎದ್ದು ಹೊರಟಾಗ ನಾನು ಕಾಲು ಕೀಳದೆ ನಿಂತೆ, ಏಕೆಂದರೆ ಈಗ ನೀವು ಕರೆಯುತ್ತೀರಿ, ಅವನ ಹೆಸರು ಬರುತ್ತದೆ ಎಂದು ಭಯವಾಯಿತು. ನೀವು ನೀರಿನ ಕಡೆ ತಿರುಗಿ ಕರೆದಿರಿ. "ಸತುರ್ನಿನಾ, ಬಾ, ಹೋಗೋಣ. ಎಲ್ಪಿಡಿಯಾ, ಬಾ ಮಗಳೇ, ಹಿಂದೆ ಉಳೀಬೇಡ." ಎರಡೇ ಹೆಸರು ಕರೆದಿರಿ. ಆಮೇಲೆ ತುಸು ಹೊತ್ತು ಬಾಯಿ ತೆರೆದುಕೊಂಡೇ ನಿಂತಿದ್ದು, ಮುಚ್ಚಿಕೊಂಡಿರಿ. ನಾನು ನಿಮ್ಮ ಕೈ ಹಿಡಿದೆ.

ಆಗಸ್ಟಿನಲ್ಲಿ ಬರುತ್ತೇನೆ. ವಿನಿಗರ್ ಜಾಡಿಯ ಮುಚ್ಚಳ ಎಲ್ಲಿದೆಯೋ ಅಲ್ಲೇ ಇರಲಿ.

ಗೊರಿಯೊ ಹೇಗೂ ನಿಮಗೆ ವರದಿ ಒಪ್ಪಿಸುತ್ತಾನೆ, ಅವನ ಬಾಯಿಂದ ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಬಸ್ಸು ನಿಂತಾಗ ಬುಟ್ಟಿ ಹೆಂಗಸು ನನ್ನ ಮುಖ ನೋಡಿ, ಕೇಳದೆಯೇ ಎರಡು ತುಪಿಗ್ ಕೊಟ್ಟಳು. ಒಂದು ವಾಪಸು ಕೊಡಲು ಕೈ ಬರಲಿಲ್ಲ. ಬೆಟ್ಟದ ತಿರುವು ಶುರುವಾಗುವವರೆಗೆ ಅದನ್ನು ಮಡಿಲಲ್ಲಿ ಇಟ್ಟುಕೊಂಡಿದ್ದೆ.

ಆಮೇಲೆ ಅದನ್ನೂ ನಾನೇ ತಿಂದೆ.

ನಿಮ್ಮ ಮಗಳು,
ಎಲ್ಪಿಡಿಯಾ